ತಮ್ಮನ ಡಬ್ಬಿಯ ಅಂಜೂರ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಮಾಸ್ಟರ್ ಅಂತಲೇ ಕರೆಯುತ್ತಿದ್ದರು. ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಮಾಸ್ಟರ್, ಹೊಲಿಯುವವನು ಬರೀ ಹೊಲಿಯುವವನು. ಒಬ್ಬ ದಿನವಿಡೀ ನಿಂತಿರುತ್ತಾನೆ, ಇನ್ನೊಬ್ಬ ದಿನವಿಡೀ ಕೂತಿರುತ್ತಾನೆ; ವ್ಯತ್ಯಾಸ ಇಷ್ಟೇ ಅಂದುಕೊಂಡಿದ್ದರೆ ನಿಮಗೆ ದರ್ಜಿಗಳು ಗೊತ್ತಿಲ್ಲ ಬಿಡಿ. ಇಪ್ಪತ್ತೆರಡು ವರ್ಷದಿಂದ ದೊಡ್ಡ ಕತ್ತರಿ ಅವನದು, ಹೊಲಿಗೆ ಮಿಷನ್ನು ತಮ್ಮನದು. ತಮ್ಮನಿಗೆ ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲೇ ಇದ್ದ.

ಮಾಸ್ಟರ್‌ಗೆ ಬಾಯಿ ಸುಮ್ಮನಿರದು. ಗಿರಾಕಿಗಳಿಗೆಲ್ಲ ಮೈಯಳತೆಯನ್ನೇ ಹೆಸರು ಮಾಡಿ ಇಟ್ಟುಬಿಡುತ್ತಿದ್ದ. ಎದುರಿನ ಔಷಧಿ ಅಂಗಡಿಯವನು ‘ನಲವತ್ನಾಲ್ಕು’, ಶಾಲೆಯ ಮೇಷ್ಟ್ರು ‘ವಾರೆಭುಜ’. ಅವನ ಬಾಯಿಗೆ ಒಮ್ಮೆ ಸಿಕ್ಕಿದರೆ ಮುಗಿಯಿತು, ಬೀದಿಯ ಮಕ್ಕಳೂ ಹಾಗೇ ಕರೆಯುತ್ತಿದ್ದರು.

ಇಂಥವನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ತಮ್ಮನ ಒಂದು ಮಾತಿಗೆ.

“ಅಣ್ಣಾ, ಸ್ವಲ್ಪ ದಿನ ಕಟಿಂಗ್ ನಾನು ಮಾಡ್ಲಾ? ನೀನು ಮಿಷನ್ ಮೇಲೆ ಕೂತ್ಕೋ.”

“ಯಾಕೋ? ಇಷ್ಟು ಬೇಗ ನನ್ನ ಮೂಲೆಗೆ ಕೂರಿಸ್ತೀಯಾ?”

ತಮ್ಮ ಏನೋ ಹೇಳಹೊರಟವನು ತಲೆ ತಗ್ಗಿಸಿ ಮತ್ತೆ ಮಿಷನ್ ತುಳಿಯತೊಡಗಿದ. ಮಾಸ್ಟರ್‌ಗೆ ಅಷ್ಟೇ ಸಾಕಾಯಿತು. ‘ನಿಮ್ಮ ತಮ್ಮನ ಕೈ ಭಾರಿ ಚೊಕ್ಕ’ ಎಂದು ಗಿರಾಕಿಗಳು ಹೊಗಳಿದ್ದೆಲ್ಲ ಒಂದೊಂದಾಗಿ ನೆನಪಾಗಿ ಮೈ ಉರಿಯಿತು. ಆ ವಾರವೇ ಶಾಲೆಯ ಮುನ್ನೂರು ಪ್ಯಾಂಟಿನ ಆರ್ಡರ್ ಒಪ್ಪಿಕೊಂಡ. ಮಿಷನ್ ಬಿಟ್ಟು ಅದು ಹೇಗೆ ಏಳುತ್ತಾನೋ ನೋಡೇ ಬಿಡೋಣ! ಸಂಜೆ ಕತ್ತರಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುವುದನ್ನೂ ಶುರು ಮಾಡಿದ.

ಅಂಗಡಿಯದು ಇದಾದರೆ ಮನೆಯದು ಇನ್ನೊಂದು. ಬೆಳಗಾದರೆ ತಮ್ಮನಿಗೆ ಬಚ್ಚಲಲ್ಲಿ ಅಗಲ ಟಬ್ಬಿನ ತುಂಬ ಬೆಚ್ಚಗಿನ ನೀರು. ಊಟ ಆದಮೇಲೆ ಇಸಬ್ಗೋಲ್ ಕಲಸಿದ ಲೋಟ. ಮಧ್ಯಾಹ್ನದ ಡಬ್ಬಿಯಲ್ಲಿ ಖಾರವಿಲ್ಲದ ತರಕಾರಿ, ಮಜ್ಜಿಗೆ, ನೆನೆಸಿದ ಒಣದ್ರಾಕ್ಷಿ, ಮೇಲೆ ಎರಡು ಅಂಜೂರ. ಕೂರಲು ಹತ್ತಿ ತುಂಬಿದ ಹೊಸ ದಿಂಬು ಬೇರೆ. ಎಲ್ಲ ಅತ್ತಿಗೆಯ ಕೈಯಿಂದಲೇ. ಹದಿನೆಂಟು ವರ್ಷ ಸಂಸಾರ ಮಾಡಿದ ಗಂಡನ ಡಬ್ಬಿಯಲ್ಲಿ ಮಾತ್ರ ಅದೇ ಅನ್ನ, ಅದೇ ಕೆಂಡದಂಥ ಖಾರದ ಸಾರು.

“ಏನೇ ಅವನಿಗೆ ಇಷ್ಟೊಂದು ಉಪಚಾರ? ಬಾಣಂತಿನಾ ಅವನು?”

“ಮೈಗೆ ಉಷ್ಣ ಆಗಿದೆಯಂತೆ,” ಎಂದಳು ಹೆಂಡತಿ, ಮುಖ ಆಚೆ ತಿರುಗಿಸಿಕೊಂಡು.

“ನನಗಿಲ್ವಾ ಉಷ್ಣ?”

“ನಿಮ್ಮ ಉಷ್ಣ ಎಲ್ಲಾ ಬಾಯಲ್ಲೇ ಹೋಗುತ್ತೆ ಬಿಡಿ.”

ಮರುದಿನ ಊಟಕ್ಕೆ ಕೂತಾಗ ಮಾಸ್ಟರ್ ತಮ್ಮನ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡ. “ಅಣ್ಣ ತಮ್ಮ ಅಂದ್ಮೇಲೆ ಏನೋ ಭೇದ? ನಿಂದು ನಾನು ತಿಂತೀನಿ, ನಂದು ನೀನು ತಿನ್ನು.”

ತಮ್ಮ ಖಾರದ ಸಾರನ್ನು ನೋಡಿದ, ಅಣ್ಣನ ಮುಖ ನೋಡಿದ. ಒಂದೊಂದೇ ತುತ್ತು ನುಂಗಿದ. ಅಂಜೂರ ದ್ರಾಕ್ಷಿಯನ್ನು ನೀರು ಸಮೇತ ಬಳಿದು ತಿಂದ ಮಾಸ್ಟರ್ ಆ ಸಂಜೆ ಮೂರು ಸಲ ಅಂಗಡಿಯ ಹಿಂದಕ್ಕೆ ಓಡಿದ. ಆದರೂ ಬಿಡಬೇಕಲ್ಲ! ಆ ವಾರವೆಲ್ಲ ಡಬ್ಬಿ ಹೀಗೇ ಅದಲುಬದಲಾಯಿತು.

ಶನಿವಾರ ಮಧ್ಯಾಹ್ನ ತಮ್ಮ ಮಿಷನ್ನಿನಿಂದ ಏಳಹೋಗಿ ಗೋಡೆ ಹಿಡಿದು ನಿಂತ. ದಿಂಬಿನ ಮೇಲೆ ಅಂಗೈಯಗಲ ರಕ್ತ.

“ಏನೋ ಇದು?”

“ಏನಿಲ್ಲ ಅಣ್ಣಾ,” ಎಂದು ತಮ್ಮ ದಿಂಬನ್ನು ಮಗುಚಿ ಹಾಕಿದ. “ಅತ್ತಿಗೆಗೆ ಒಂದು ಫೋನ್ ಮಾಡ್ತೀಯಾ?”

ಅವಳು ಓಡಿಬಂದು ಮೈದುನನನ್ನು ಆಟೋದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವನನ್ನು ಮನೆಯಲ್ಲಿ ಮಲಗಿಸಿ ಅಂಗಡಿಗೆ ಬಂದವಳ ಕೈಯಲ್ಲಿ ಔಷಧಿ ಚೀಟಿ ಇತ್ತು.

“ಮೂಲವ್ಯಾಧಿ ರೀ ಅವನಿಗೆ. ಆರು ತಿಂಗಳಾಯ್ತು. ಕೂತು ಕೂತು ಬಂದಿದ್ದು. ಇಷ್ಟು ದಿನ ನೋವು ಮಾತ್ರ ಇತ್ತು, ಹೇಗೋ ಮನೆಮದ್ದಲ್ಲಿ ತಡೀತಿತ್ತು. ರಕ್ತ ಬಿದ್ದ ಮೇಲೆ ಅದನ್ನೇ ನೆಚ್ಕೊಂಡು ಕೂರೋ ಹಾಗಿಲ್ಲ ಅಂದ್ರು ಡಾಕ್ಟ್ರು.”

“ನನಗೊಂದು ಮಾತು ಹೇಳ್ಬಾರ್ದಾ?”

“ನಿಮಗೆ ಹೇಳಿದ್ರೆ ನಾಳೆ ಬೆಳಗಾಗೋದ್ರಲ್ಲಿ ಬೀದಿಗೆಲ್ಲ ಅವನಿಗೊಂದು ಹೆಸರಾಗ್ತಿತ್ತು. ‘ಅಣ್ಣನಿಗೆ ಮಾತ್ರ ಹೇಳ್ಬೇಡಿ ಅತ್ತಿಗೆ, ನಿಂತ್ಕೊಂಡು ಮಾಡೋ ಕೆಲಸ ನಾನೇ ಕೇಳಿ ನೋಡ್ತೀನಿ’ ಅಂತ ಕೈ ಮುಗಿದ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಂದು ಚಿಟಿಕೆ ಖಾರ ಸೋಕಿಸದೆ ಪಥ್ಯ ಮಾಡಿ ಕಳಿಸ್ತಿದ್ದೆ. ಆದ್ರೂ ಯಾಕೆ ಹೀಗಾಯ್ತೋ ಕಾಣೆ.”

ಡಬ್ಬಿಯ ವಿಷಯವನ್ನು ತಮ್ಮ ಅವಳಿಗೂ ಹೇಳಿರಲಿಲ್ಲ. ಮಾಸ್ಟರ್‌ಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ನಾನೇ ಕಣೇ,” ಎಂದ. “ಅವನದನ್ನ ನಾನು ತಿಂದೆ. ನನ್ನದನ್ನ ಅವನಿಗೆ ತಿನ್ನಿಸಿದೆ.”

ಅವಳು ಬೈಯುತ್ತಾಳೆ ಎಂದು ಕಾದ. ಅವಳು ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಹದಿನೈದು ದಿನ ಬಿಟ್ಟು ತಮ್ಮ ಅಂಗಡಿಗೆ ಬಂದಾಗ ಮಾಸ್ಟರ್ ಡ್ರಾಯರ್ ತೆರೆದು ಕತ್ತರಿಯನ್ನು ಅವನ ಕೈಗಿಟ್ಟ. ಕ್ಷಮೆ ಗಿಮೆ ಕೇಳುವುದು ಅವನಿಗೆ ಬರದು. “ನಿಂತ್ಕೊಂಡೇ ಮಾಡು,” ಎಂದಷ್ಟೇ ಹೇಳಿ, ತಾನು ಹೋಗಿ ಮಿಷನ್ ಮುಂದೆ ಕೂತ.

ತಮ್ಮ ಕತ್ತರಿಸಿ ಕತ್ತರಿಸಿ ಕೊಟ್ಟ. ಮಾಸ್ಟರ್ ಹೊಲಿಯುತ್ತಾ ತಪ್ಪು ಹುಡುಕಿದ. ಪಾಪ ಅನ್ನಿಸುತ್ತಿತ್ತು, ಆದರೂ ಹುಡುಕಿದ. ತೊಡೆಯ ಹತ್ತಿರ ಬಟ್ಟೆ ಒಂದಿಷ್ಟು ಎಳೆದಿದ್ದರೆ, ಸೊಂಟದಲ್ಲಿ ಅರ್ಧ ಇಂಚು ತಪ್ಪಿದ್ದರೆ ಮನಸ್ಸಿಗೆ ಎಷ್ಟೋ ಹಗುರಾಗುತ್ತಿತ್ತು. ಹತ್ತು ಪ್ಯಾಂಟ್ ಮುಗಿದವು, ಎಲ್ಲೂ ಒಂದು ಸುಕ್ಕಿಲ್ಲ.

“ಎಲ್ಲಾದ್ರೂ ಎಳೀತಿದೆಯಾ ಅಣ್ಣಾ?” ತಮ್ಮ ಅಂಜುತ್ತಲೇ ಕೇಳಿದ.

ಮಾಸ್ಟರ್ ಹನ್ನೊಂದನೆಯದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಇಲ್ಲ ಕಣೋ. ನನ್ನದಕ್ಕಿಂತ ಚೆನ್ನಾಗಿದೆ.”

ಹೇಳುವಾಗ ಅವನ ಹೊಟ್ಟೆ ಧಗಧಗ ಉರಿಯಿತು. ಕತ್ತರಿಯನ್ನು ಮಾತ್ರ ವಾಪಸ್ ಕೇಳಲಿಲ್ಲ.