ಡಿಕ್ರಿ, ಮೊಪೆಡ್ ಮತ್ತು ಒಂದು ಹಿಡಿ ಬನ್ನಿ

ನಮ್ಮ ಚಿಕ್ಕಪ್ಪನ ಸೈಕಲ್ಲಿನ ಮೇಲೆ ದಪ್ಪ ಹಳದಿ ಅಕ್ಷರಗಳಲ್ಲಿ ‘ಶ್ರೀಮತಿ ಗಿರಿಜಮ್ಮ’ ಎಂದು ಬರೆದಿದೆ. ಗಿರಿಜಾ ಮೀಸೆಯ ಗಂಡಸು ಅಂಥ ಸೈಕಲ್ ತುಳಿಯುತ್ತಾ ಹೊನ್ನಾಳಿ ಪೇಟೆಯಲ್ಲಿ ಬಂದರೆ ಜನ ನಗದೆ ಇರುತ್ತಾರೆಯೇ? ಹನ್ನೆರಡು ವರ್ಷ ನಕ್ಕರು.

ಗಿರಿಜಮ್ಮ ಎಂದರೆ ನಮ್ಮ ಚಿಕ್ಕಮ್ಮ. (ಅವರಿಗೆ ಸೈಕಲ್ ಹೊಡೆಯಲು ಬರುವುದಿಲ್ಲ.) ಆದರೂ ಕಾಗದದ ಮೇಲೆ ಸೈಕಲ್ ಅವರದೇ. ಎಲ್ಲದಕ್ಕೂ ಕಾರಣ ಒಂದು ಡಿಕ್ರಿ.

ಎಪ್ಪತ್ತರ ದಶಕದ ಶುರುವಿನಲ್ಲಿ ಚಿಕ್ಕಪ್ಪ ನ್ಯಾಮತಿಯ ಸಾಹುಕಾರರೊಬ್ಬರಲ್ಲಿ ಸಾಲ ಮಾಡಿ, ಮದುವೆಗಳಿಗೆ ಬಾಡಿಗೆ ಕೊಡಲೆಂದು ಮೈಕ್‌ಸೆಟ್ ತಂದರು. ಮೂರನೇ ಮದುವೆಗೆ ಹೊರಟಾಗ ಏರಿಯ ಮೇಲೆ ಗಾಡಿ ವಾಲಿ, ಮೈಕ್‌ಸೆಟ್ ಸೂಳೆಕೆರೆಯ ಪಾಲಾಯಿತು. ಸಾಹುಕಾರರು ಕೋರ್ಟಿಗೆ ಹೋದರು. ಎಪ್ಪತ್ಮೂರರಲ್ಲಿ ಅವರ ಪರ ಡಿಕ್ರಿ ಆಯಿತು.

ಹನ್ನೆರಡು ವರ್ಷ ದಾಟಿದರೆ ಜಾರಿಗೆ ಅರ್ಜಿ ಹಾಕುವಂತಿಲ್ಲ, ಡಿಕ್ರಿ ಸತ್ತ ಹಾಗೆ ಎಂದು ಯಾರೋ ಚಿಕ್ಕಪ್ಪನ ಕಿವಿ ಊದಿದರು. ಸರಿ, ಅಲ್ಲಿಯವರೆಗೆ ಜಪ್ತಿಗೆ ಏನೂ ಸಿಗದಿರಲೆಂದು ಮನೆಯ ಚಮಚವೂ ಚಿಕ್ಕಮ್ಮನ ಹೆಸರಿಗಾಯಿತು!

ಒಮ್ಮೆ ಜಪ್ತಿಗೆ ಬಂದ ಕೋರ್ಟಿನ ಅಮೀನರಿಗೂ ಚಿಕ್ಕಪ್ಪನಿಗೂ ನಡೆದ ಮಾತು ನಮ್ಮ ಮನೆಯಲ್ಲಿ ಇಂದಿಗೂ ಫೇಮಸ್.

“ಈ ಗಡಿಯಾರ ಯಾರ್ದು?”

“ನಮ್ಮ ಮನೆಯವಳ್ದು.”

“ಬೆಂಚು?”

“ಅದು ಅವಳ ತವರುಮನೇದು.”

“ಆ ಎಮ್ಮೆ?”

“ಅದೂ ಅವಳ್ದೇ.”

“ಹಂಗಾದ್ರೆ ನಿಮ್ದು ಅಂತ ಏನೈತ್ರೀ?”

“ಸಾಲ ಐತಲ್ರೀ!”

ಅಮೀನರು ಬರಿಗೈಯಲ್ಲಿ ಹೋದರು, ಆ ಸಲದ ಅರ್ಜಿ ಅಲ್ಲಿಗೇ ಮುಗಿಯಿತು. ಈ ದಸರಾ ಹೊತ್ತಿಗೆ ಹನ್ನೆರಡು ವರ್ಷ ತುಂಬಿತು. ಗಡುವು ಮುಗಿದ ಮಾರನೇ ದಿನವೇ ಚಿಕ್ಕಪ್ಪ ದಾವಣಗೆರೆಗೆ ಹೋಗಿ ಹೊಸ ಮೊಪೆಡ್ ತಂದರು. ಬಿಲ್ಲು ಯಾರ ಹೆಸರಿಗೆ? ಸ್ವಂತ ಹೆಸರಿಗೆ! ಆಯುಧಪೂಜೆಯ ದಿನ ಅದಕ್ಕೆ ಹಾಕಿದ ಚೆಂಡುಹೂವಿನ ಹಾರದಲ್ಲಿ ಹೆಡ್‌ಲೈಟೇ ಕಾಣುತ್ತಿರಲಿಲ್ಲ.

ಅಲ್ಲಿಗೆ ಸುಮ್ಮನಿರಬಹುದಿತ್ತಲ್ಲ? ಇಲ್ಲ. ವಿಜಯದಶಮಿಯ ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಹಳೆಯ ಮುನಿಸು ಮರೆಯುವುದು ನಮ್ಮ ಕಡೆಯ ಪದ್ಧತಿ. ಚಿಕ್ಕಪ್ಪ ಜೇಬಿಗೆ ಬನ್ನಿ ತುರುಕಿಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು, ನೇರ ನ್ಯಾಮತಿಯ ಸಾಹುಕಾರರ ಮನೆಗೇ ಗಾಡಿ ಬಿಟ್ಟರು. (ಏರು ಬಂದಲ್ಲೆಲ್ಲ ಇಳಿದು ತಳ್ಳಿದ್ದು ನಾನು.)

“ಬನ್ನಿ ತಗೊಂಡು ಬಂಗಾರದಂಗಿರೋಣ, ಸಾಹುಕಾರ್ರೇ.”

ಸಾಹುಕಾರರು ಬನ್ನಿಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಮೊಪೆಡ್ಡಿಗೆ ಒಂದು ಪ್ರದಕ್ಷಿಣೆ ಹಾಕಿದರು.

“ಗಾಡಿ ಚಲೋ ಐತಲ್ಲೋ ರುದ್ರಪ್ಪ. ಇದೂ ಹೆಂಡ್ತೀದಾ?”

“ಯಾಕ್ರೀ? ನಂದೇ! ಬಿಲ್ ತೋರಿಸ್ಲಾ?”

ತೋರಿಸಿಯೂ ಬಿಟ್ಟರು. ಸಾಹುಕಾರರು ನಮಗೆ ಹೋಳಿಗೆ ಊಟ ಹಾಕಿಸಿದರು. ತುಪ್ಪವನ್ನು ತಾವೇ ಬಡಿಸಿದರು. ಆಗಲಾದರೂ ನಮಗೆ ಅನುಮಾನ ಬರಬೇಕಿತ್ತು.

ರಜೆ ಕಳೆದು ಕೋರ್ಟು ತೆರೆದ ದಿನವೇ ಅರ್ಜಿ ಬಿತ್ತು. ಹೋದ ವಾರ ಅಮೀನರು ಬಂದು ಮೊಪೆಡ್ಡಿನ ಹ್ಯಾಂಡಲ್ ಹಿಡಿದರು. ಬಾಡಿದ ಹಾರ ಇನ್ನೂ ಅದರ ಮೇಲೇ ಇತ್ತು.

“ಹನ್ನೆರಡು ವರ್ಷ ಮುಗಿದೈತೆ, ಬಿಡ್ರೀ!” ಚಿಕ್ಕಪ್ಪ ಕೂಗಾಡಿದರು.

“ಮುಗಿದಿದ್ದು ದಸರಾ ರಜೆಯಾಗಲ್ರೀ? ಬಾಗ್ಲು ಹಾಕಿದ ಕೋರ್ಟಿಗೆ ಅರ್ಜಿ ಕೊಡಾಕೆ ಹೆಂಗಾಗ್ತೈತೆ? ಬಾಗ್ಲು ತೆಗೆದ ದಿನ ಕೊಟ್ರೂ ನಡೀತೈತೆ.”

ಡಿಕ್ರಿಗೂ ದಸರಾ ರಜೆ ಸಿಗುತ್ತದೆಂದು ಯಾರು ಕಂಡಿದ್ದರು? ಚಿಕ್ಕಪ್ಪ ಕಟ್ಟೆಯ ಮೇಲೆ ಕುಸಿದು ಕೂತರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರ ಮುಖ ನೋಡಿ ಪಾಪ ಅನ್ನಿಸಿತು. ಇಷ್ಟು ವರ್ಷಕ್ಕೆ ‘ನಂದು’ ಎಂದು ಕೊಂಡದ್ದು ಅದೊಂದೇ.

ಆಗ ಚಿಕ್ಕಮ್ಮ ಒಳಗಿನಿಂದ ಒಂದು ಗಂಟು ತಂದು ಅಮೀನರ ಮುಂದೆ ಬಿಚ್ಚಿದರು.

“ಬಡ್ಡಿ ಸಮೇತ ತಗೊಳ್ರೀ. ಎಮ್ಮೆ ನಂದು ಅಂತ ಇವ್ರೇ ನಿಮ್ಮ ಮುಂದೆ ಹೇಳಿದ್ರಲ್ಲ, ಅದ್ಕೇ ಹಾಲಿನ ದುಡ್ಡೂ ನಾನೇ ಇಟ್ಕಂಡಿದ್ದೆ.”

ಸಾಲ ತೀರಿತು. ಮೊಪೆಡ್ ಉಳಿಯಿತು. ಮಾರನೇ ದಿನ ಪೇಂಟರ್ ಬಂದ. ಈಗ ಅದರ ಮೇಲೂ ದಪ್ಪ ಹಳದಿ ಅಕ್ಷರಗಳು: ‘ಶ್ರೀಮತಿ ಗಿರಿಜಮ್ಮ’.

ಸಾಹುಕಾರರ ಡಿಕ್ರಿಗಾದರೂ ಹನ್ನೆರಡು ವರ್ಷದ ಗಡುವಿತ್ತು. ಚಿಕ್ಕಮ್ಮನ ಡಿಕ್ರಿಗೆ?