ಲೈನ್‌ಮ್ಯಾನ್ ಓಡಿದರೆ ಊರೇ ಓಡುತ್ತದೆ

"ನಾನು ಓಡಕ್ಕೆ ನಿಂತ್ರೆ ಯಾರಪ್ಪನ ಕೈಲೂ ನಿಲ್ಸಕ್ಕಾಗಲ್ಲ ಕಣಣ್ಣೋ. ಆನೆ ಅಡ್ಡ ಬಂದ್ರೂ ಅದೇ ಪಕ್ಕಕ್ಕೆ ಸರೀಬೇಕು."

ಮಧುವನಹಳ್ಳಿಯ ಲೈನ್‌ಮ್ಯಾನ್ ಪುಟ್ಟಮಾದಪ್ಪ ಈ ಮಾತು ಹೇಳಿದ್ದು 2003ರ ಸಂಕ್ರಾಂತಿಯ ಮಾರನೆಯ ದಿನ, ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ, ಎರಡನೇ ಮಸಾಲೆ ದೋಸೆಯ ಮುಂದೆ ಕುಳಿತು. ಆನೆಯ ಮಾತು ಬಿಡಿ, ಅವನನ್ನು ನಿಲ್ಲಿಸಲು ಒಂದು ಚೊಂಬು ಮಜ್ಜಿಗೆ ಸಾಕು ಎಂಬುದು ಆಗ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅವನು ಕರೆಂಟ್ ಕೆಲಸಕ್ಕೆ ಸೇರಿದ್ದು ಎಂಬತ್ತನಾಲ್ಕರಲ್ಲಿ, ಕಂಬದ ಗುಂಡಿ ತೋಡುವ ಕೂಲಿಯಾಗಿ. ಆಮೇಲೆ ಕಂಬವನ್ನೇ ಹತ್ತತೊಡಗಿದ. ಎಷ್ಟು ಬೇಗ ಹತ್ತುತ್ತಿದ್ದನೆಂದರೆ, ತುದಿಯಲ್ಲಿ ಕುಳಿತ ಕಾಗೆ ಹಾರಿಹೋಗಲು ಪುರುಸೊತ್ತಾಗದೆ ಅವನ ತಲೆಯ ಮೇಲೆಯೇ ಕೂತುಬಿಡುತ್ತಿತ್ತು. ನದಿಯ ಆಚೆ ದಡಕ್ಕೆ ತಂತಿ ಎಳೆಯಬೇಕಾದಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಾವೇರಿಗೆ ಧುಮುಕುವವನು ಇವನೇ. ಒಮ್ಮೆ ಮೊಸಳೆಯೊಂದು ಇವನ ಹಿಂದೆ ಬಿದ್ದು, ಅರ್ಧ ಹೊಳೆಗೆ ಸುಸ್ತಾಗಿ, ಇವನದೇ ಹಗ್ಗ ಹಿಡಿದುಕೊಂಡು ದಡ ಸೇರಿತಂತೆ. ಇದನ್ನು ನಂಬಬೇಡಿ. ನಾನೂ ಹೇಳಿದ್ದು ಸ್ವಲ್ಪ ಹೆಚ್ಚೇ ಆಯಿತು. ಆದರೆ ಹಗ್ಗ ಕಟ್ಟಿಕೊಂಡು ಈಜುತ್ತಿದ್ದುದು ನಿಜ. ಮಳೆಗಾಲದಲ್ಲಿ ಎಲ್ಲೋ ತಂತಿಗೆ ಕೊಂಬೆ ಬಿತ್ತೆಂದರೆ, ಹಳೇ ಸೈಕಲ್ಲು ತುಳಿದುಕೊಂಡು ಕೊಳ್ಳೇಗಾಲದಿಂದ ಹನೂರಿನವರೆಗೆ ಕಂಬ ಕಂಬವನ್ನೂ ಮಾತನಾಡಿಸುತ್ತ ಹೋಗುತ್ತಿದ್ದುದೂ ನಿಜ.

ತಾಯಿಯಿಲ್ಲದ ಅವನನ್ನು ಸಾಕಿದವಳು ಬಂಡಳ್ಳಿಯ ದೊಡ್ಡವ್ವ ಕೆಂಪಾಜಮ್ಮ. ಎರಡು ವರ್ಷದಿಂದ ಆಕೆಯ ಎರಡೂ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಮಜ್ಜಿಗೆಯಲ್ಲಿ ಅದ್ದಿದಂತೆ ಕಾಣುತ್ತಿತ್ತು. ಮನೆಯ ಮುಂದಿನ ಕರೆಂಟ್ ಕಂಬವನ್ನು ಯಾರೋ ನೆಂಟರೆಂದುಕೊಂಡು, "ಆವಾಗ್ಲಿಂದ ನಿಂತಿದ್ದಯಲ್ಲ, ಒಳೀಕೆ ಬರಬಾರ್ದಾ? ಅದೇನು ಬಿಂಕವಪ್ಪ ನಿಂದು!" ಎಂದು ಬೈದದ್ದನ್ನು ನಾನೇ ಕೇಳಿದ್ದೇನೆ. ನಕ್ಕೂ ಇದ್ದೇನೆ. ಆದರೆ ಅದೇ ದಿನ ಸಂಜೆ ಪುಟ್ಟಮಾದಪ್ಪ ಹೋದಾಗ ಆಕೆ ಅವನ ಕೆನ್ನೆ, ಗಲ್ಲ, ಕೊರಳು ಎಲ್ಲ ತಡವಿ, "ಸಣ್ಣ ಆಗಿದ್ದೀಯಾ ಮಗ? ಕೈಗೆ ಸರಿಯಾಗಿ ಗೊತ್ತಾಯ್ತಾ ಇಲ್ವಲ್ಲ" ಎಂದಾಗ ನಗು ಬರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದರೆ ಆಕೆ ಒಪ್ಪಲೊಲ್ಲಳು. ಅವಳ ಜಗಲಿಯ ಮೇಲೆ ದಿನವೂ ಬಂದು ಕೂರುವ ಮುದುಕ ಮುದುಕಿಯರ ದಂಡೇ ಇತ್ತು. ಎಲ್ಲರಿಗೂ ಅದೇ ಪೊರೆ.

"ಇವರ್ನೆಲ್ಲ ಕತ್ತಲೇಲಿ ಕೂರ್ಸ್ಬುಟ್ಟು ನಾನೊಬ್ಳೇ ಕಣ್ಣು ಬಿಡಿಸ್ಕಂಡು ಬರ್ಲಾ? ಬಂದು ಯಾರ ಮಕ ನೋಡ್ಲಿ? ಬಂದ್ರೆ ಜಗಲಿಗ್ ಜಗಲೀನೇ ಬತ್ತದೆ. ಇಲ್ದಿದ್ರೆ ಇಲ್ಲ, ಬುಡು."

ಜಗಲಿಯನ್ನು ಬಸ್ಸು ಹತ್ತಿಸುವುದು ಹೇಗೆ? ಡಾಕ್ಟರನ್ನೇ ಜಗಲಿಗೆ ಕರೆತರಬೇಕು. ಯಳಂದೂರಿನವರೇ ಆದ ಕಣ್ಣಿನ ಡಾಕ್ಟರ್ ಪ್ರಭುಸ್ವಾಮಿ ಮೈಸೂರಿನಲ್ಲಿದ್ದರು. ತಿಂಗಳಿಗೊಮ್ಮೆ ಊರಿನ ಮನೆಗೆ ಬರುತ್ತಿದ್ದರು. ಅವರ ಮನೆಯ ಫ್ಯೂಸ್ ಹಾಕಲು ಹೋದ ಪುಟ್ಟಮಾದಪ್ಪ ಏಣಿಯ ಮೇಲಿಂದಲೇ ವಿಷಯ ತೆಗೆದ. ಡಾಕ್ಟರು ಒಳ್ಳೆಯವರು. ಆದರೆ ಶಿಬಿರಕ್ಕೆ ಬೇಕಾದ ಸಾಮಾನು, ಔಷಧಿ, ಕನ್ನಡಕ ಎಲ್ಲ ಅವರ ಕ್ಲಬ್ಬಿನ ದಾನಿಗಳಿಂದ ಬರಬೇಕು. ದಾನಿಗಳಿಗೋ ಹೊಸ ಹುಚ್ಚು ಹಿಡಿದಿತ್ತು. ಹೊರದೇಶದಲ್ಲಿ ಟ್ರಯಥ್ಲಾನ್ ಅಂತ ಒಂದು ಉಂಟಂತೆ. ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ಲು ಹತ್ತಬೇಕು, ಅದರಿಂದಿಳಿದು ಕೂರದೆ ಓಡಬೇಕು. ಒಬ್ಬ ಹೀಗೆ ಒದ್ದಾಡುವುದನ್ನು ನೋಡಿ ನಾಲ್ಕು ಜನ ಒಳ್ಳೆಯ ಕೆಲಸಕ್ಕೆ ಕೊಡುತ್ತಾರಂತೆ.

"ಕೊಡೋದಾದ್ರೆ ಸುಮ್ನೆ ಕೊಡ್ಬೋದಲ್ಲ ಸಾ? ಓಡ್ಸಿ ಯಾಕೆ ಕೊಡ್ಬೇಕು?" ಎಂದ ಪುಟ್ಟಮಾದಪ್ಪ.

"ಪೇಟೆ ಜನ ಕಣಪ್ಪ. ಅವರಿಗೆ ಹಾಗೇ ಕೊಟ್ಟರೆ ಕೊಟ್ಟಂಗೆ ಅನ್ನಿಸಲ್ಲ" ಎಂದರು ಡಾಕ್ಟರು.

ಕೊನೆಗೆ ಒಪ್ಪಂದ ಹೀಗಾಯಿತು. ಶಿವರಾತ್ರಿಗೆ ಮುಂಚಿನ ಒಂದು ಭಾನುವಾರ ಪುಟ್ಟಮಾದಪ್ಪ ಬೆಳಗ್ಗೆ ದಾಸನಪುರದ ಹತ್ತಿರ ಕಾವೇರಿಯಲ್ಲಿ ಈಜಬೇಕು. ಅಲ್ಲಿಂದ ಸೈಕಲ್ಲಿನಲ್ಲಿ ಕೊಳ್ಳೇಗಾಲಕ್ಕೂ ಯಳಂದೂರಿಗೂ ಮಗ್ಗದ ಲಾಳಿಯ ಹಾಗೆ ಓಡಾಡಬೇಕು. ಆಮೇಲೆ ಕೊಳ್ಳೇಗಾಲದಿಂದ ಮಧುವನಹಳ್ಳಿ, ಕಾಮಗೆರೆ, ಹನೂರಿನ ಮೇಲೆ ಬಂಡಳ್ಳಿಯವರೆಗೆ ಓಡಬೇಕು. ಹೊತ್ತು ಮುಳುಗುವುದರೊಳಗೆ ಬಂಡಳ್ಳಿ ಶಾಲೆಯ ಅಂಗಳ ಮುಟ್ಟಿದರೆ ಕಣ್ಣಿನ ಶಿಬಿರ ಬಂಡಳ್ಳಿಯಲ್ಲೇ. ಮುಟ್ಟದಿದ್ದರೆ ದಾನಿಗಳು ಬೇರೆ ಊರು ನೋಡಿಕೊಳ್ಳುತ್ತಾರೆ.

ಹೋಟೆಲಿನಲ್ಲಿ ಅವನು ಬಡಾಯಿ ಕೊಚ್ಚಿದ್ದು ಇದರ ಮಾರನೆಯ ದಿನ.

ಈಜು, ಸೈಕಲ್ಲು ಅವನಿಗೆ ಹೊಸದಲ್ಲ. ಓಟದ ಅಭ್ಯಾಸ ಮಾತ್ರ ಆಗಬೇಕಿತ್ತು. ನಾನು ಮೊಪೆಡ್ಡಿನಲ್ಲಿ ನೀರಿನ ಕ್ಯಾನು ಇಟ್ಟುಕೊಂಡು ಹಿಂದೆ. ಮೊದಲ ದಿನ ಬೆಳಗ್ಗೆ ಮಧುವನಹಳ್ಳಿ ದಾಟುತ್ತಿದ್ದೆವು. ಗದ್ದೆಗೆ ನೀರು ಕಟ್ಟುತ್ತಿದ್ದ ಪುಟ್ಟಸಿದ್ದಯ್ಯ ತಲೆ ಎತ್ತಿ ನೋಡಿದ. ಅವನ ಕೈಯಿಂದ ಗುದ್ದಲಿ ಜಾರಿತು.

"ಅಯ್ಯಯ್ಯೋ! ಲೈನ್‌ಮ್ಯಾನು ಓಡ್ತಾವ್ನೆ! ಎಲ್ಲೋ ತಂತಿ ಬಿದ್ದದೆ ಕಣ್ರಲಾ! ದನ ಬುಚ್ಚ್ರಲಾ!"

ಅವನದೇನೂ ತಪ್ಪಿಲ್ಲ. ಸಾಮಾನ್ಯವಾಗಿ ಲೈನ್‌ಮ್ಯಾನ್ ಎಂಬ ಪ್ರಾಣಿ ಓಡುವುದಿಲ್ಲ. ಅವನು ಬರುವುದೇ ನಿಧಾನ. ಬಂದಮೇಲೆ ಕಂಬಕ್ಕೊರಗಿ ಬೀಡಿ ಸೇದಿ, ಆಮೇಲೆ ಮೇಲೆ ನೋಡುತ್ತಾನೆ. ಅಂಥವನು ಓಡುತ್ತಿದ್ದಾನೆಂದರೆ ಸಾವು ಹಿಂದೆಯೇ ಇದೆ ಎಂದೇ ಅರ್ಥ. ಚಣದಲ್ಲಿ ಊರೇ ಬಯಲಿಗೆ ಬಿತ್ತು. ದನ, ಕುರಿ, ತೊಟ್ಟಿಲ ಮಗು, ರುಬ್ಬುತ್ತಿದ್ದ ಗುಂಡುಕಲ್ಲು, ಯಾರ ಕೈಗೆ ಏನು ಸಿಕ್ಕಿತೋ ಅದು. ಒಬ್ಬ ಗಾಬರಿಯಲ್ಲಿ ಪಕ್ಕದ ಮನೆಯವನ ಹೆಂಡತಿಯ ಕೈ ಹಿಡಿದು ಓಡಿ, ಆ ಜಗಳ ಯುಗಾದಿಯವರೆಗೂ ನಡೆಯಿತು. ಸುದ್ದಿ ಇವನಿಗಿಂತ ಜೋರಾಗಿ ಓಡಿತು. ಹನೂರು ತಲುಪುವಷ್ಟರಲ್ಲಿ, "ಎಷ್ಟು ಜನ ಸತ್ರಂತೆ?" ಎಂದು ಅಂಗಡಿಯವರು ನಮ್ಮನ್ನೇ ಕೇಳಿದರು.

ಒಂದು ವಾರ ಹೀಗೇ ಆಯಿತು. ಕೊನೆಗೆ ಅವನ ಹೆಂಡತಿ ಮಹಾದೇವಮ್ಮ ದಾರಿ ತೋರಿಸಿದಳು.

"ಈ ರೋಡ್ನಲ್ಲಿ ಮಾದಪ್ಪನ ಬೆಟ್ಟಕ್ಕೆ ನಡ್ಕಂಡು ಓಗೋರ್ನ ಯಾರಾದ್ರೂ ಯಾಕೆ ಅಂತ ಕೇಳಾರಾ? ನೀನೂ ಒಂದು ಕಾವಿ ವಸ್ತ್ರ ಎಗಲ ಮ್ಯಾಲೆ ಆಕ್ಕಂಡು ಓಡು."

"ಸುಳ್ಳು ಹರಕೆ ಆಯ್ತದಲ್ಲಮ್ಮಿ. ಮಾದಪ್ಪ ಸುಮ್ಕಿದ್ದಾನಾ?"

"ಸುಳ್ಯಾಕಾದದು? ದೊಡ್ಡವ್ವನ ಕಣ್ಣಿಗೆ ಅಂತ ದಿಟವಾಗ್ಲೂ ಹರಕೆ ಕಟ್ಕೊ. ಓಡೋನು ಎಂಗೂ ಓಡ್ತೀಯ."

ಹೆಂಗಸಿನ ಬುದ್ಧಿ ಎಂದರೆ ಇದು. ಮಾರನೆಯ ದಿನದಿಂದ ಒಂದು ದನವೂ ಹಗ್ಗ ಬಿಚ್ಚಿಸಿಕೊಳ್ಳಲಿಲ್ಲ. ಜನ ಕೈ ಮುಗಿದು ದಾರಿ ಬಿಟ್ಟರು. ಊರಿಂದ ಊರಿಗೆ ಮಾತು ಹರಡಿತು: ಲೈನ್‌ಮ್ಯಾನ್ ಪುಟ್ಟಮಾದಪ್ಪ ದೊಡ್ಡವ್ವನ ಕಣ್ಣಿಗೆ ಹರಕೆ ಹೊತ್ತಿದ್ದಾನೆ, ಇಂಥ ಭಾನುವಾರ ಹೊಳೆಯಲ್ಲಿ ಮಿಂದು, ಓಡಿಕೊಂಡೇ ಬರುತ್ತಾನೆ. ನಾವು ಹಿಗ್ಗಿದೆವು. ಹರಕೆ ಹೊತ್ತು ಬರುವವನನ್ನು ಬರಿಹೊಟ್ಟೆಯಲ್ಲಿ ಮನೆ ಮುಂದೆ ದಾಟಿಸುವುದು ನಮ್ಮ ಸೀಮೆಯಲ್ಲಿ ಪಾಪ, ಜನ ಕೊಟ್ಟದ್ದನ್ನು ಅವನು ಬೇಡವೆನ್ನುವುದು ಅದಕ್ಕಿಂತ ದೊಡ್ಡ ಪಾಪ ಎಂಬುದು ಮಾತ್ರ ಮರೆತೇಹೋಗಿತ್ತು.

ಆ ಭಾನುವಾರ ಬಂತು. ಪುಟ್ಟಮಾದಪ್ಪ ಕಾವೇರಿಯಲ್ಲಿ ಈಜಿದ ರಭಸಕ್ಕೆ ಮೀನುಗಳು ದಡ ಹತ್ತಿ ನಿಂತು ನೋಡಿದವು. ಯಳಂದೂರಿನ ರಸ್ತೆಯಲ್ಲಿ ಸೈಕಲ್ಲಿನ ಚೈನು ಎರಡು ಸಲ ಕಳಚಿದರೂ ಹೊತ್ತು ನೆತ್ತಿಗೆ ಬಂದು ಸ್ವಲ್ಪವೇ ವಾಲುವಷ್ಟರಲ್ಲಿ ಕೊಳ್ಳೇಗಾಲಕ್ಕೆ ಮರಳಿದ. ಡಾಕ್ಟರು, "ಭೇಷ್! ನಾನು ಬಂಡಳ್ಳಿಯಲ್ಲಿ ಕಾದಿರ್ತೀನಿ" ಎಂದು ಜೀಪಿನಲ್ಲಿ ಮುಂದೆ ಹೋದರು. ಪುಟ್ಟಮಾದಪ್ಪ ಕಾವಿ ವಸ್ತ್ರ ಹೆಗಲಿಗೆ ಹಾಕಿ ಓಟ ಶುರುಮಾಡಿದ.

ಮಧುವನಹಳ್ಳಿಯ ಬಾಗಿಲಲ್ಲಿ ಮೊದಲ ಬಿಂದಿಗೆ ನಿಂತಿತ್ತು. ಅದರ ಹಿಂದೆ ಒಬ್ಬಳು ಅಜ್ಜಿ, ಅಜ್ಜಿಯ ಹಿಂದೆ ಇಡೀ ಬೀದಿ.

"ಉಘೇ ಮಾದಪ್ಪ! ನಿಂತ್ಕಳಪ್ಪ, ಪಾದಕ್ಕೆ ನೀರು ಆಕ್ಬೇಕು."

"ಅವ್ವಾ, ಒತ್ತಾಯ್ತದೆ ಕಣವ್ವ, ನಿಲ್ಲಂಗಿಲ್ಲ..."

"ಮಾದಪ್ಪನ ಕೆಲ್ಸಕ್ಕೆ ಓಗೋನಿಗೆ ಒತ್ತೆಲ್ಲಿ ಬತ್ತದ್ಲಾ? ಈ ಮಜ್ಜಿಗೆ ಕುಡಿ. ಕುಡುದ್ರೆ ಕಾಲು ತಾನಾಗಿ ಓಯ್ತವೆ."

ಕುಡಿದ. ಮುಂದಿನ ಮನೆಯಲ್ಲಿ ಪಾನಕ. ಅದರ ಮುಂದೆ ತಂಬಿಟ್ಟು. ಊರಾಚೆಯ ತೋಟದಲ್ಲಿ ಬಾಳೆಹಣ್ಣು, ಒಂದಲ್ಲ, ಚಿಪ್ಪು. ಹೀಗೇ ಅಲ್ಲಲ್ಲಿ ಪಾದಪೂಜೆ ಮಾಡಿಸಿಕೊಳ್ಳುತ್ತ ಕಾಮಗೆರೆ ಮುಟ್ಟಿದರೆ, ಅಲ್ಲಿ ಎಲೆ ಹಾಸಿ, ಮುದ್ದೆ, ಅವರೆಕಾಳಿನ ಸಾರು, ಪಾಯಸ ಬಡಿಸಿ ಕಾಯುತ್ತಿದ್ದರು. "ತಿನ್ನಾಕಾಗದಿದ್ರೆ ಒಂದೇ ಒಂದು ಮುದ್ದೆ ನುಂಗ್ಬುಡು ಸಾಕು" ಎಂದು ಔದಾರ್ಯ ತೋರಿದ ಹಿರಿಯನ ಕೈಯಲ್ಲಿದ್ದ ಮುದ್ದೆ, ಸುಳ್ಳು ಹೇಳುವುದಿಲ್ಲ, ಎಳೆಗರುವಿನ ತಲೆಯಷ್ಟಿತ್ತು. ಆನೆಯನ್ನು ಪಕ್ಕಕ್ಕೆ ಸರಿಸುವ ಗಂಡು ಆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ.

ಕಾಮಗೆರೆ ದಾಟಿದ ಮೇಲೆ ಅವನದು ಓಟವಲ್ಲ, ತುಂಬಿದ ಗಾಡಿಯ ಏರು. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಸೊಂಟದ ಮೇಲೆ. ಹನೂರು ಇನ್ನೇನು ಬಂತೆನ್ನುವಾಗ ರಸ್ತೆಯ ಪಕ್ಕದ ಹುಣಸೆಮರದ ಕೆಳಗೆ ಕೂತುಬಿಟ್ಟ. ಹೊತ್ತು ಆಗಲೇ ಪಡುವಣಕ್ಕೆ ಚೆನ್ನಾಗಿಯೇ ವಾಲಿತ್ತು. ಇನ್ನೂ ಹನೂರಿದೆ, ಅದರ ಪ್ರತಿ ಮನೆಯಲ್ಲೂ ಒಂದೊಂದು ಬಿಂದಿಗೆ ಇದೆ.

"ಆಗಲ್ಲ ಕಣಣ್ಣೋ" ಎಂದ. ಕಣ್ಣಲ್ಲಿ ನೀರು. "ಜಗಲಿ ಮ್ಯಾಲೆ ಅಷ್ಟೂ ಜನ ಕಾಯ್ತಾ ಕುಂತವ್ರೆ. ದೊಡ್ಡವ್ವ ಬೆಳಗ್ಗೇನೇ ತಲೆ ಬಾಚ್ಕಂಡು ಕುಂತದಂತೆ, ಡಾಕ್ಟ್ರು ನೋಡ್ತಾರೆ ಅಂತವ. ಏನಂತ ಏಳ್ಲಿ? ಪಾಯ್ಸ ತಿಂದೆ, ಅದ್ಕೆ ನಿಂಗೆ ಕಣ್ಣಿಲ್ಲ ಅನ್ಲಾ?"

ನಾನು ಮೊಪೆಡ್ಡಿನ ಚೀಲದಿಂದ ನೀರಿನ ಲೋಟ ತೆಗೆಯಲು ಹೋದರೆ, ಅವನು ನದಿಯ ದಡದಲ್ಲಿ ಬಿಚ್ಚಿ ಕೊಟ್ಟಿದ್ದ ಖಾಕಿ ಅಂಗಿ ಕೈಗೆ ಬಂತು. ಅವನು ಅಂಗಿಯನ್ನು ನೋಡಿದ. ರಸ್ತೆ ನೋಡಿದ. ಮೆಲ್ಲಗೆ ಎದ್ದು ಕಾವಿ ವಸ್ತ್ರವನ್ನು ಕಣ್ಣಿಗೊತ್ತಿಕೊಂಡು, ಮಡಚಿ ಎದೆಗಿಟ್ಟು, ಅದರ ಮೇಲೆ ಖಾಕಿ ಅಂಗಿ ತೊಟ್ಟು ಗುಂಡಿ ಹಾಕಿದ.

"ಮಾದಪ್ಪ, ನೀನು ಒಳಗಡೆ ಇರು ತಂದೆ. ವಸಿ ಒತ್ತು ನಿನ್ ಗುರುತು ಯಾರಿಗೂ ಸಿಕ್ಕದು ಬ್ಯಾಡ."

ಅಂಗಿಯ ಜೇಬಿನಲ್ಲಿದ್ದ, ತಂತಿ ಕತ್ತರಿಸುವ ಕಟಿಂಗ್ ಪ್ಲೇಯರನ್ನು ಕೈಯಲ್ಲಿ ಹಿಡಿದು ಹೊರಟ. ಹನೂರಿನ ಬಾಗಿಲಲ್ಲಿ ಬಿಂದಿಗೆ ಹಿಡಿದು ಕಾದವರು ಕಾವಿಯನ್ನು ಹುಡುಕುತ್ತಿದ್ದರು. ಕಂಡದ್ದು ಖಾಕಿ. ಕೈಯಲ್ಲಿ ಪ್ಲೇಯರು, ಬಾಯಿ ತೆರೆದು ಏದುಸಿರು, ಮುಖದಲ್ಲಿ ಹೊಟ್ಟೆನೋವಿನ ಯಾತನೆ.

"ತಂತಿ! ತಂತಿ ಬಿತ್ತು ಕಣ್ರಲೋ!"

ಬಿಂದಿಗೆಗಳು ಉರುಳಿದವು. ರಸ್ತೆ ಖಾಲಿ. ಬಸ್ಸಿನ ಡ್ರೈವರು ಬಸ್ಸನ್ನು ಬದಿಗೆ ಹಾಕಿದ. ಹನೂರಿನ ನಾಯಿಗಳೂ ಬೊಗಳದೆ ಹಿಂದೆ ಸರಿದವು. ಬಂಡಳ್ಳಿಯ ದಾರಿಯುದ್ದಕ್ಕೂ ಅವನ ಮುಂದೆ ಮುಂದೆ ಕೂಗು ಓಡಿತು, ಕೂಗಿನ ಹಿಂದೆ ಅವನು, ಅವನ ಹಿಂದೆ ಮೊಪೆಡ್ಡಿನಲ್ಲಿ ನಾನು. ನಿಲ್ಲಿಸುವವರು ಒಬ್ಬರೂ ಇಲ್ಲ. ಹೋಟೆಲಿನ ಬಡಾಯಿ ಕೊನೆಯ ಐದಾರು ಮೈಲಿಗಾದರೂ ನಿಜವಾಯಿತು.

ಬಂಡಳ್ಳಿ ಶಾಲೆಯ ಅಂಗಳಕ್ಕೆ ಅವನು ನುಗ್ಗಿ ಬಾವುಟದ ಕಟ್ಟೆಯನ್ನು ಮುಟ್ಟಿ ಬಿದ್ದಾಗ ಅಲ್ಲಿ ಸ್ವಾಗತಕ್ಕೆ ಸೇರಿದ್ದ ಊರವರು ಯಾರೂ ಇರಲಿಲ್ಲ. ಕೂಗು ಕೇಳಿದ್ದೇ ತಡ, ಎಲ್ಲರೂ ದನಕರುಗಳೊಂದಿಗೆ ಹೊಲಕ್ಕೆ ಓಡಿದ್ದರು. ಉಳಿದವರು ಶಾಲೆಯ ಜಗಲಿಯ ಮೇಲೆ ಸಾಲಾಗಿ ಕುಳಿತ, ಕಣ್ಣು ಕಾಣದೆ ಎಲ್ಲಿಗೆ ಓಡುವುದೆಂದು ತಿಳಿಯದ ಮುದುಕ ಮುದುಕಿಯರು. ಡಾಕ್ಟರು? ರಬ್ಬರ್ ಟೈರಿಗೆ ಕರೆಂಟ್ ಹೊಡೆಯುವುದಿಲ್ಲ ಎಂದು ಓದಿದ್ದವರು ಜೀಪಿನೊಳಗೆ ಕಾಲು ಮಡಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು.

ಕೆಂಪಾಜಮ್ಮ ಗಾಳಿಯಲ್ಲಿ ಕೈಯಾಡಿಸುತ್ತ, "ತಂತಿ ಎಲ್ಲಿ ಬಿದ್ದದೆ ಮಗ?" ಎಂದಳು.

"ಎಲ್ಲೂ ಇಲ್ಲ ದೊಡ್ಡವ್ವ. ನಾನೇ ಬಿದ್ದಿವ್ನಿ."

ಆಕೆ ನೆಲ ತಡವುತ್ತ ಬಂದು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಕೆನ್ನೆ ತಡವಿದಳು, ಹೊಟ್ಟೆ ತಡವಿದಳು. "ಈಗ ಗೊತ್ತಾಯ್ತು ಬುಡು. ದಪ್ಪ ಆಗಿದ್ದೀಯ."

ಡಾಕ್ಟರು ಜೀಪಿನಿಂದಿಳಿದು ಕನ್ನಡಕ ಸರಿಪಡಿಸಿಕೊಂಡು ಪಡುವಣದ ಕಡೆ ನೋಡಿದರು. ಗುಡ್ಡದ ಮೇಲೆ ಬರೀ ಕೆಂಪು. ಸೂರ್ಯ ಇಲ್ಲ. ಅವರ ಮುಖ ಬಾಡಿತು.

"ಪುಟ್ಟಮಾದಪ್ಪ, ನಾನು ಸುಳ್ಳು ಹೇಳೋನಲ್ಲ. ನೀನು ಕಟ್ಟೆ ಮುಟ್ಟಿದಾಗ ಹೊತ್ತು ಮುಳುಗಿತ್ತೋ ಇಲ್ಲವೋ ನಾನು ನೋಡಲಿಲ್ಲ. ದಾನಿಗಳು ಸಾಕ್ಷಿ ಕೇಳ್ತಾರೆ."

"ಮುಳುಗಿರಲಿಲ್ಲ ಸ್ವಾಮಿ" ಎಂದೆ ನಾನು. "ಸೂರ್ಯ ಗುಡ್ಡದ ತುದಿಗೆ ಬಂದು, ಇವನು ಬರಲಿ ಅಂತ ಒಂದು ಗಳಿಗೆ ಗೂಟ ಹೊಡೆದ ಹಾಗೆ ನಿಂತಿದ್ದ."

"ನೀವು ಸುಮ್ಮನಿರಿ" ಎಂದರು ಡಾಕ್ಟರು. "ನಿಮ್ಮ ಸಾಕ್ಷಿ ಕೊಳ್ಳೇಗಾಲದಲ್ಲೇ ನಡೆಯಲ್ಲ, ಮೈಸೂರಿನಲ್ಲಿ ನಡೆದೀತೆ? ಇಲ್ಲಿದ್ದವರು ಬೇರೆ ಯಾರಾದರೂ ಹೇಳಬೇಕು."

ಪುಟ್ಟಮಾದಪ್ಪ ದೊಡ್ಡವ್ವನ ಮಡಿಲಿಂದ ತಲೆ ಎತ್ತಲಿಲ್ಲ. ಪ್ಲೇಯರು ಹಿಡಿದ ಕೈಯನ್ನಷ್ಟೇ ಎತ್ತಿ, ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ತೋರಿಸಿದ.

"ಅಗೋ ಸಾ, ಸಾಕ್ಷಿಗಳೆಲ್ಲ ಸಾಲಾಗಿ ಕುಂತವ್ರೆ. ಮೊದ್ಲು ಅವರ ಕಣ್ಣು ಬಿಡ್ಸಿ. ಆಮೇಲೆ ಕೇಳಿ, ಒತ್ತು ಮುಳುಗಿದ್ದ ನೋಡಿದ್ರಾ ಅಂತವ."