ಪೇಟಿ ಮಾಸ್ತರರ ಗಾಂಧಾರ

ಕಳೆದ ವಾರ ನನ್ನ ಅಂಗಡಿಗೆ ಒಂದು ಹಳೆಯ ಹಾರ್ಮೋನಿಯಂ ರಿಪೇರಿಗೆ ಬಂತು. ಮುಚ್ಚಳ ತೆಗೆದದ್ದೇ ತಡ, ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ಕರ್ಪೂರ, ಹಳೆಯ ಚರ್ಮ, ಅದರ ಕೆಳಗೆಲ್ಲೋ ಸ್ವಲ್ಪ ರಸ್ತೆಯ ಧೂಳು... ಇಲಿ ಸೇರಬಾರದೆಂದು ಎಲ್ಲರೂ ಡಾಂಬರ ಗುಳಿಗೆ ಹಾಕಿದರೆ, ಕರ್ಪೂರದ ಪೊಟ್ಟಣ ಇಡುತ್ತಿದ್ದವರು ಈ ಗದಗ-ಬೆಟಗೇರಿಯಲ್ಲಿ ಒಬ್ಬರೇ. ತಂದ ಹೆಣ್ಣುಮಗಳ ಮುಖವನ್ನು ಸರಿಯಾಗಿ ನೋಡುವ ಮೊದಲೇ ಅದು ಯಾರ ಪೇಟಿ ಎಂದು ನನಗೆ ಗೊತ್ತಾಯಿತು. ಚಾಚಿದ ಕೈ ತಾನಾಗಿಯೇ ಹಿಂದೆ ಬಂತು.

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಅವರನ್ನು ಊರೆಲ್ಲ ಪೇಟಿ ಮಾಸ್ತರರೆಂದೇ ಕರೆಯುತ್ತಿತ್ತು. ಬೆಟಗೇರಿಯಲ್ಲಿ, ಮಗ್ಗದ ಸದ್ದಿನ ಓಣಿಯೊಂದರಲ್ಲಿ ಅವರ ಮನೆ. ಮನೆ ಅಂತ ಇತ್ತು ಅಷ್ಟೇ, ಮಾಸ್ತರರ ಸಂಸಾರ ನಡೆಯುತ್ತಿದ್ದದ್ದು ಬಸ್ಸಿನಲ್ಲಿ! ಸೋಮವಾರ ಲಕ್ಷ್ಮೇಶ್ವರ, ಬುಧವಾರ ಶಿರಹಟ್ಟಿ, ಅಲ್ಲಿಂದ ಹಾಗೇ ಬೆಳ್ಳಟ್ಟಿಯ ದೊಡ್ಡ ಮನೆಯೊಂದಕ್ಕೆ, ಶುಕ್ರವಾರ ಮುಂಡರಗಿ. ಹರ್ತಿಯ ಭಜನಾ ಮೇಳದವರು ಕರೆದರೆ ರವಿವಾರವೂ ಹೊರಟರು. ಪಾಠ ಹೇಳಿಸಿಕೊಳ್ಳುವ ಮನೆಗಳಲ್ಲಿ ಒಳ್ಳೊಳ್ಳೆಯ ಹೊಸ ಪೇಟಿಗಳಿದ್ದವು. ಆದರೂ ಇವರು ತಮ್ಮ ಆ ಹಳೆಯ ಪೆಟ್ಟಿಗೆಯನ್ನೇ ಹೊತ್ತು ಹೋಗುತ್ತಿದ್ದರು. ಬಸ್ಸಿನ ಮೇಲೆ ಹಾಕಲು ಕೊಡುತ್ತಿರಲಿಲ್ಲ, ಸೀಟಿನ ಕೆಳಗೆ ತಳ್ಳಲೂ ಬಿಡುತ್ತಿರಲಿಲ್ಲ. ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದರು.

“ಮಾಸ್ತರ್ರ, ಮ್ಯಾಲ ಒಗೀರಿ ಅದನ್ನ, ಮಂದಿ ಕುಂಡ್ರಬೇಕ್ರಿ” ಎಂದು ಕಂಡಕ್ಟರ್ ರೇಗಿದರೆ, “ಬ್ಯಾಡಪಾ, ಮ್ಯಾಲ ಕುಂತ್ರ ಅದಕ್ಕ ತಲಿ ತಿರಗತೈತಿ” ಎನ್ನುತ್ತಿದ್ದರು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಕಿಟಕಿ ಪಕ್ಕ ಅವರ ಮಗಳು ಕೂತಿರುತ್ತಿದ್ದಳು. ಹೆಂಡತಿ ತೀರಿಕೊಂಡಾಗ ಆ ಹುಡುಗಿಗೆ ಮೂರು ವರ್ಷ. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲವಾದ್ದರಿಂದ ಪೇಟಿಯ ಜೊತೆ ಅವಳೂ ಊರೂರು ತಿರುಗಿದಳು. ಲಕ್ಷ್ಮೇಶ್ವರದವರ ಮನೆಯಲ್ಲಿ ಅಕ್ಷರ ತಿದ್ದಿದಳು, ಮುಂಡರಗಿಯವರ ಮನೆಯಲ್ಲಿ ಜಡೆ ಹಾಕಿಸಿಕೊಂಡಳು. ಶಾಲೆಗೆ ಸೇರಿದ ಮೇಲೂ ರಜೆ ಬಂದರೆ ಸಾಕು, ಅಪ್ಪನ ಜೊತೆ ಬಸ್ಸೇ. ಮತ್ತೊಂದು ಮದುವೆ ಮಾಡಿಕೊಳ್ಳಿರೆಂದು ಬಳಗದವರು ಗಂಟುಬಿದ್ದಾಗ ಮಾಸ್ತರರು, “ಬಸ್ಸಿನ್ಯಾಗ ಇನ್ನೊಂದು ಸೀಟ ಎಲ್ಲೈತ್ರಿ?” ಎಂದುಬಿಟ್ಟರಂತೆ. ಆ ಮಾತು ಊರಲ್ಲಿ ಬಹಳ ದಿನ ಓಡಾಡಿತು.

ನನ್ನ ವಿಷಯ ಹೇಳಬೇಕೆಂದರೆ, ಗದಗಿನ ಈ ಅಂಗಡಿ ನನ್ನಪ್ಪನದು. ಪೇಟಿ, ತಬಲಾ, ತಂಬೂರಿ, ಏನು ಕೆಟ್ಟರೂ ಸುತ್ತಲಿನ ನಾಲ್ಕು ತಾಲೂಕಿನವರು ಅಪ್ಪನ ಹತ್ತಿರವೇ ಬರುತ್ತಿದ್ದರು. ನಾನು ಮೀರಜಿಗೆ ಹೋಗಿ ಮೂರು ವರ್ಷ ಈ ಕೆಲಸ ಕಲಿತು ಬಂದೆ. ಬಂದೆನೋ, ತಲೆ ಮೇಲೆ ಕೊಂಬು ಮೂಡಿಸಿಕೊಂಡು ಬಂದೆ! ಅಪ್ಪನ ಕೈಕೆಲಸ ಕಂಡರೆ ಹಳ್ಳಿಯ ಕೆಲಸ ಅನ್ನಿಸುತ್ತಿತ್ತು. ಮರುವರ್ಷ ಅಪ್ಪ ತೀರಿಕೊಂಡ. ಅಂಗಡಿ, ಅರ, ಉಳಿ, ಗಿರಾಕಿಗಳು ಎಲ್ಲ ನನ್ನ ಪಾಲಿಗೆ ಬಂದವು. ಅಪ್ಪನಿಗೆ ಗೊತ್ತಿದ್ದದ್ದು ಮಾತ್ರ ಬರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ.

ಆಗಲೇ ಒಂದು ದಿನ ಮಾಸ್ತರರು ಪೇಟಿ ತಂದರು. ಗಾಳಿ ತುಂಬುವ ತಿದಿ ಮಡಿಕೆಯಲ್ಲಿ ಹರಿದಿತ್ತು. “ತಮ್ಮಾ, ತಿದಿ ಅಷ್ಟ ನೋಡಿಬಿಡು, ಶುಕ್ರವಾರ ಮುಂಡರಗಿಗೆ ಒಯ್ಯಬೇಕು” ಎಂದು ಹೇಳಿ ಹೋದರು. ತಿದಿ ಅಷ್ಟೇ. ಅವರು ಹೇಳಿದ್ದು ಅಷ್ಟೇ.

ತಿದಿಗೆ ಹೊಸ ಚರ್ಮ ಹಚ್ಚಿದೆ. ಸುಮ್ಮನಿರಬೇಕಿತ್ತು. ಕೈ ಸುಮ್ಮನಿರಲಿಲ್ಲ. ಒಂದೊಂದೇ ಸ್ವರ ನುಡಿಸಿ ನೋಡುತ್ತ ಹೋದೆ. ಅವರು ಷಡ್ಜ ಹಿಡಿಯುವ ಮನೆಯಿಂದ, ಎಂದರೆ ಬೆರಳಿಡುವ ಕೀಲಿಯಿಂದ, ಎಣಿಸಿದರೆ ಗಾಂಧಾರ, ಅಂದರೆ ಸರಿಗಮದ ಗ, ಒಂದೆಳೆ ಇಳಿದಿತ್ತು. ಹಲಗೆ ಬಿಚ್ಚಿದೆ. ಒಳಗೆ ಸ್ವರಕ್ಕೊಂದರಂತಿದ್ದ ಹಿತ್ತಾಳೆಯ ರೀಡುಗಳಲ್ಲಿ ಅದೊಂದರ ಬುಡದಲ್ಲಿ ಮಾತ್ರ ಅರಗಿನ ಒಂದು ಕೆಂಪು ಚುಕ್ಕಿ ಇತ್ತು. ಅಪ್ಪ ಒಮ್ಮೊಮ್ಮೆ ಹಾಗೆ ಇಡುತ್ತಿದ್ದದ್ದನ್ನು ಕಂಡಿದ್ದೆ. ಯಾಕೆಂದು ಕೇಳಿರಲಿಲ್ಲ. ಮೀರಜಿನಲ್ಲಿ ಯಾರೂ ಹಾಗೆ ಚುಕ್ಕಿ ಇಡುತ್ತಿರಲಿಲ್ಲ, ಅಂದ ಮೇಲೆ ಅದರಲ್ಲೇನು ಹುರುಳಿದ್ದೀತು? ಚಾಕುವಿನಿಂದ ಚುಕ್ಕಿ ಕೆರೆದು ತೆಗೆದೆ. ರೀಡಿನಲ್ಲಿ ಗಾಳಿಗೆ ಮಿಡಿಯುವ ತೆಳು ನಾಲಿಗೆಯ ತುದಿಯನ್ನು ಅರದಿಂದ ಎರಡು ಸಲ ತಿಕ್ಕಿದೆ. ಸ್ವರ ಮೇಲೆದ್ದು ಉಳಿದ ಸ್ವರಗಳ ಸಾಲಿಗೆ ನಿಂತಿತು. ನನ್ನ ಕೆಲಸಕ್ಕೆ ನಾನೇ ಭೇಷ್ ಅಂದುಕೊಂಡೆ.

ಗುರುವಾರ ಮಧ್ಯಾಹ್ನ ಮಾಸ್ತರರು ಮಗಳೊಂದಿಗೆ ಬಂದರು. ಹುಡುಗಿಗೆ ಆಗ ಹನ್ನೊಂದೋ ಹನ್ನೆರಡೋ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಳು. ಮಾಸ್ತರರು ಗಾದಿಯ ಮೇಲೆ ಕೂತು ತಿದಿ ಎಳೆದರು, “ಛಲೋ ಆಗೇತಿ” ಎಂದು ನಕ್ಕರು. ಸ, ರಿ ನುಡಿಸಿದರು. ಗ ನುಡಿಸಿದರು. ಬೆರಳು ಅಲ್ಲೇ ನಿಂತಿತು. ಮತ್ತೊಮ್ಮೆ ಗ. ಮತ್ತೊಮ್ಮೆ.

“ತಮ್ಮಾ, ಈ ಗಾಂಧಾರ ಮುಟ್ಟಿಯೇನು?”

“ಹೌದ್ರಿ ಮಾಸ್ತರ್ರ, ಒಂದೆಳಿ ಇಳದಿತ್ತು. ಎತ್ತಿ ಕೂಡ್ರಿಸೇನಿ. ಈಗ ಹೆಂಗ ಐತಿ ನೋಡ್ರಿ!”

“ಇಳದಿದ್ದಿಲ್ಲೋ... ನಿಮ್ಮಪ್ಪ ಇಳಿಸಿದ್ದ.”

ಸಿಟ್ಟು ಮಾಡಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ. ಮೆಲ್ಲಗೆ ಹೇಳಿದರು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹಾಡು ಕಲಿಸಲು ಕೂತರಂತೆ. ಆಯಮ್ಮನ ಗಾಂಧಾರ ಪೇಟಿಯದಕ್ಕಿಂತ ಒಂದೆಳೆ ಕೆಳಗೇ ನಿಲ್ಲುತ್ತಿತ್ತಂತೆ. ತಿಂಗಳುಗಟ್ಟಲೆ ತಿದ್ದಿದರು, ಜಗಳವಾಡಿದರು. “ನಿಮ್ಮ ಪೇಟೀನ ತಿದ್ರಿ, ನನ್ನನ್ಯಾಕ ತಿದ್ದತೀರಿ” ಎಂದು ಆಯಮ್ಮ ಮುನಿಸಿಕೊಂಡು ಮಾತು ಬಿಟ್ಟರಂತೆ. ಒಂದು ದಿನ ಸುಮ್ಮನೆ ಕಣ್ಣು ಮುಚ್ಚಿ ಕೇಳಿದಾಗ, ಹೆಂಡತಿಯ ಗಾಂಧಾರವೇ ಇನ್ನೂ ಇಂಪಾಗಿದೆ ಎಂದು ಮಾಸ್ತರರಿಗೆ ಹೊಳೆಯಿತು. ಇಬ್ಬರೂ ಪೇಟಿ ಹಿಡಿದು ನೇರ ಈ ಅಂಗಡಿಗೇ ಬಂದರು.

“ಇಲ್ಲೇ ಕುಂತಿದ್ಲು, ಈ ಗಾದಿ ಮ್ಯಾಲ. ಆಕಿ ಹಾಡಾಕಿ, ನಿಮ್ಮಪ್ಪ ತಿಕ್ಕಾಂವ. ಹೊತ್ತು ಮುಳಗೂತನ ನಡದಿತ್ತು. ಕೂಡಿದ ಮ್ಯಾಲ ನಿಮ್ಮಪ್ಪ ಕೆಂಪು ಚುಕ್ಕಿ ಇಟ್ಟು, ಇದನ್ನ ಇನ್ನ ಯಾರೂ ಮುಟ್ಟಬಾರದು ಅಂದಿದ್ದ.”

ಅಯ್ಯೋ, ಆ ಚುಕ್ಕಿಯ ಚೂರು ಇನ್ನೂ ಮೇಜಿನ ಮೇಲೆಯೇ ಬಿದ್ದಿತ್ತು. ಕೈಯಿಂದ ಮುಚ್ಚಿದೆ. ಊರೂರಿಗೂ ಆ ಹಳೆಯ ಪೇಟಿಯನ್ನೇ ಯಾಕೆ ಹೊತ್ತು ಒಯ್ಯುತ್ತಿದ್ದರು ಎಂಬುದು ಆಗ ನನಗೆ ತಿಳಿಯಿತು. ಹೋದ ಹೆಂಡತಿಯದೆಂದು ಅವರಿಗೆ ಉಳಿದಿದ್ದ ದನಿ ಆ ಒಂದು ರೀಡಿನಲ್ಲಿತ್ತು. ಅದನ್ನೇ ನಾನು ತಿಕ್ಕಿ ಹಾಕಿದ್ದೆ.

“ತಿರಗಿ ಇಳಿಸಿ ಕೊಡ್ತೀನ್ರಿ” ಎಂದೆ. ನಾಲಿಗೆಯ ಬುಡ ತಿಕ್ಕಿದರೆ ಸ್ವರ ಇಳಿಯುತ್ತದೆ. ತಿಕ್ಕಿದೆ. ಅವರು ಕಣ್ಣು ಮುಚ್ಚಿ ಕೇಳಿದರು. “ಇನ್ನ ಸ್ವಲ್ಪ... ಹಾಂ... ಇಲ್ಲ, ಜಾಸ್ತಿ ಆತು.” ತುದಿ ತಿಕ್ಕಿ ಏರಿಸಿದೆ. “ಇದ... ಇದಲ್ಲ.” ಮತ್ತೆ ಬುಡ. ಮತ್ತೆ ತುದಿ. ಹಿತ್ತಾಳೆಯ ಪುಡಿ ನನ್ನ ಬೆರಳಿಗೆಲ್ಲ ಮೆತ್ತಿತ್ತು. ಎಷ್ಟನೆಯ ಸಲವೋ ನೆನಪಿಲ್ಲ, ಮಾಸ್ತರರು ಕಣ್ಣು ತೆರೆದರು. ಆ ಮುಖ ನನ್ನ ಶತ್ರುವಿಗೂ ನೋಡಲು ಸಿಗುವುದು ಬೇಡ.

“ಆತು, ಬಿಡು ತಮ್ಮಾ. ಈಗ ನನಗೂ ಗೊತ್ತಾಗವಲ್ದು.”

ರೀಡಿನಿಂದ ಹೋದದ್ದು ಹೋಯಿತು. ನಾನು ಹತ್ತು ಬಗೆಯ ಗಾಂಧಾರ ಕೇಳಿಸಿ ಅವರ ಕಿವಿಯಲ್ಲಿದ್ದದ್ದನ್ನೂ ಕಲಕಿಬಿಟ್ಟಿದ್ದೆ. ಅವರು ಪೇಟಿ ಎತ್ತಿಕೊಂಡು, “ಏಳವ್ವಾ, ಹೋಗೂಣು” ಎಂದರು. ಹುಡುಗಿ ಕೈ ಝಾಡಿಸಿಕೊಂಡು ಎದ್ದಳು.

ಅದಾದ ಮೇಲೆ ಮಾಸ್ತರರು ನನ್ನ ಅಂಗಡಿಗೆ ಬರಲಿಲ್ಲ. ನಾನೂ ಅವರೆದುರು ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಡಿಲಲ್ಲಿ ಪೇಟಿ ಇಟ್ಟುಕೊಂಡು ಕೂತವರನ್ನು ದೂರದಿಂದ ಕಂಡರೆ ಸಾಕು, ಚಹಾದಂಗಡಿಯ ಹಿಂದೆ ಸರಿದು ನಿಲ್ಲುತ್ತಿದ್ದೆ. ಒಮ್ಮೆ ಅವರು ನೋಡಿಯೇಬಿಟ್ಟರು. ಕೂತಲ್ಲಿಂದಲೇ ಕೈ ಎತ್ತಿ, “ಆರಾಮ ಏನು?” ಎಂದರು. ನಾನು ಹಲ್ಲು ಕಿರಿದು, ಜಲ್ದಿ ಇದೆ ಎಂಬಂತೆ ಕೈ ಮಾಡಿ ಓಡಿದೆ. ಏನು ಜಲ್ದಿ? ಮಣ್ಣಾಂಗಟ್ಟಿ! ಎರಡು ಹೆಜ್ಜೆ ನಡೆದು ಅವರ ಪಕ್ಕ ಕೂತಿದ್ದರೆ ಏನಾಗುತ್ತಿತ್ತು? ವರ್ಷಗಳು ಹಾಗೇ ಹೋದವು... ಅವರು ತೀರಿಕೊಂಡ ಖಬರ ಬಂದ ದಿನವೂ ನಾನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೇ ಕೂತಿದ್ದೆ. ಬೆಟಗೇರಿ ಇಲ್ಲಿಂದ ಎಷ್ಟು ದೂರ? ಹೋಗಲಿಲ್ಲ.

ಕಳೆದ ವಾರ ಆ ಪೇಟಿ ತಂದವಳು ಅವರ ಮಗಳು. ಈಗ ಮುಂಡರಗಿಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಕೂದಲಲ್ಲಿ ಒಂದೆರಡು ಬೆಳ್ಳಿ ಎಳೆ.

“ಕಾಕಾ, ಒಂದು ಮನಿ ನುಡೀವಲ್ದರಿ. ಪೇಟಿಗೆ ಏನರ ಆದ್ರ ನಿಮ್ಮ ಅಂಗಡಿಗೇ ಒಯ್ಯಿ, ಬ್ಯಾರೆ ಕಡೆ ಕೊಡಬ್ಯಾಡ ಅಂತ ಅಪ್ಪ ಹೇಳಿದ್ದ” ಎಂದಳು.

ನಾನು ತಲೆ ಎತ್ತಲಿಲ್ಲ. ತಿದಿಯ ಮೇಲೆ ಅಲ್ಲಲ್ಲಿ ಸೀರೆಯ ತುಂಡಿನ ತೇಪೆಗಳಿದ್ದವು. ಬೇರೆ ಯಾರ ಕೈಗೂ ಕೊಡದೆ ಮಾಸ್ತರರು ತಾವೇ ಹಚ್ಚಿಕೊಂಡಿದ್ದರು. ಹಲಗೆ ಬಿಚ್ಚಿದೆ. ಸೀಳಿದ್ದು ಅದೇ ರೀಡು. ನಾನು ಬುಡ ತುದಿ ಎರಡೂ ತಿಕ್ಕಿ ತೆಳ್ಳಗೆ ಮಾಡಿದ್ದ ನಾಲಿಗೆ ಇಷ್ಟು ದಿನ ತಡೆದದ್ದೇ ಹೆಚ್ಚು.

ಹೊಸ ರೀಡು ಹಾಕಿದೆ. ಸ್ವರಕ್ಕೆ ಕೂಡಿಸುವ ಮೊದಲು, ಸುಮ್ಮನೆ, ರೂಢಿಯಂತೆ, “ಒಂದೀಟು ಹಾಡವ್ವಾ” ಎಂದೆ. ಅವಳು ಗಾದಿಯ ಮೇಲೆ ಕೂತು ಷಡ್ಜ ಹಿಡಿದಳು. ರಿಷಭಕ್ಕೆ ಬಂದಳು. ಗಾಂಧಾರದಲ್ಲಿ ನಿಂತಳು. ಒಂದೆಳೆ ಕೆಳಗೆ.

ನನ್ನ ಕೈಯಿಂದ ಅರ ಜಾರಿ ಬಿತ್ತು.

ಅವಳು ನಾಚಿ ನಿಲ್ಲಿಸಿದಳು. “ನಂದು ಗಾಂಧಾರ ಇಳೀತೈತ್ರಿ ಕಾಕಾ. ಪರೀಕ್ಷಾದಾಗೂ ಹಂಗ ಅಂದಿದ್ರು. ಸಣ್ಣಾಕಿ ಇದ್ದಾಗಿಂದ ಹಂಗ ಕುಂತು ಬಿಟ್ಟೈತಿ. ಅಪ್ಪ ಮಾತ್ರ ಎಂದೂ ತಿದ್ದಲಿಲ್ಲ. ನಾ ಅಲ್ಲಿಗೆ ಬಂದಕೂಡ್ಲೆ ಆ ಮನಿ ಮ್ಯಾಲಿನ ಬೆರಳ ಎತ್ತಿಬಿಡ್ತಿದ್ದ. ಪೇಟಿ ನುಡಸ್ತಿದ್ದಿಲ್ಲ. ಕಣ್ಣ ಮುಚ್ಚಿ ಕೇಳ್ತಿದ್ದ.”

ಮೂರು ವರ್ಷದವಳಿದ್ದಾಗಿನಿಂದ ಆ ರೀಡಿಗೆ ದನಿ ಕೂಡಿಸಿ ಬೆಳೆದ ಕೊರಳು ಅದು. ನಾನು ರೀಡು ಕೆಡಿಸುವ ಹೊತ್ತಿಗೆ ತಾಯಿಯ ಗಾಂಧಾರ ಮಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಆ ಗುರುವಾರ, ಮಾಸ್ತರರು ಕಣ್ಣು ಮುಚ್ಚಿ ಅದನ್ನು ಹುಡುಕುತ್ತಿದ್ದಾಗ, ನಾನು ಅತ್ತ ಇತ್ತ ತಿಕ್ಕುತ್ತಿದ್ದಾಗ, ಅದು ನಮ್ಮಿಂದ ನಾಲ್ಕು ಮೊಳ ದೂರದಲ್ಲಿ ಮೆಟ್ಟಿಲ ಮೇಲೆ ಚುರುಮುರಿ ತಿನ್ನುತ್ತ ಕೂತಿತ್ತು. ಒಂದು ಮಾತು, ಹಾಡವ್ವಾ ಎಂಬ ಒಂದೇ ಮಾತು ಇಬ್ಬರಿಗೂ ಹೊಳೆಯಲಿಲ್ಲ. ಮಾಸ್ತರರಿಗೆ ಆಮೇಲೆ ಹೊಳೆದಿದೆ. ಬಂದು ಹೇಳಿಯಾರು ಎಂದರೆ, ಯಾರಿಗೆ ಹೇಳಬೇಕು? ಕಂಡಕೂಡಲೇ ಓಡಿಹೋಗುವವನಿಗೆ?

ಅವಳಿಗೆ ಎಲ್ಲ ಹೇಳಿದೆ. ಕೆಂಪು ಚುಕ್ಕಿಯಿಂದ ಹಿಡಿದು ಚಹಾದಂಗಡಿಯವರೆಗೆ, ಏನನ್ನೂ ಬಿಡಲಿಲ್ಲ. ಆಮೇಲೆ, “ಈಗ ಹಾಡು ತಂಗಿ, ನಾಚಬ್ಯಾಡ” ಎಂದೆ. ಅವಳು ಹಾಡಿದಳು, ನಾನು ತಿಕ್ಕಿದೆ. ಸಂಜೆಯ ಹೊತ್ತಿಗೆ ಎರಡೂ ಕೂಡಿದವು. ಅರಗು ಕಾಸಿ ಬುಡದಲ್ಲಿ ಕೆಂಪು ಚುಕ್ಕಿ ಇಟ್ಟೆ. ಅವಳು ಆ ಮನೆಯ ಮೇಲೆ ಬೆರಳಿಟ್ಟು, ತಿದಿಯ ಗಾಳಿ ಮುಗಿಯುವವರೆಗೂ ಕೇಳಿದಳು. ತಾಯಿಯ ದನಿ ಅವಳಿಗೆ ನೆನಪಿರಲಿಲ್ಲ.

“ಅಪ್ಪಗ ಗೊತ್ತಿತ್ತೇನ್ರಿ ಕಾಕಾ, ಇದು ನನ್ನ ಕೊರಳಾಗ ಐತಿ ಅಂತ?”

“ಅವರಿಗೆ ಗೊತ್ತಿತ್ತವ್ವಾ. ನನಗ ಗೊತ್ತಿರಲಿಲ್ಲ.”

ಅವಳು ಮುಂಡರಗಿ ಬಸ್ಸು ಹತ್ತುವವರೆಗೆ ಜೊತೆಗೆ ಹೋಗಿ ನಿಂತೆ. ಪೇಟಿಯನ್ನು ಮಡಿಲಲ್ಲೇ ಇಟ್ಟುಕೊಂಡಳು. ಬಸ್ಸು ಹೋದ ಮೇಲೆ ಅಂಗಡಿಗೆ ಬಂದು ನೋಡಿದರೆ ಸೀಳಿದ ರೀಡು ಮೇಜಿನ ಮೇಲೇ ಬಿದ್ದಿತ್ತು. ದೀಪದ ಹತ್ತಿರ ಹಿಡಿದು ನೋಡಿದೆ. ಬುಡದಲ್ಲಿ, ಚುಕ್ಕಿ ಇದ್ದ ಕಡೆ, ನನ್ನ ಚಾಕುವಿನ ಗೀರು ಇನ್ನೂ ಹಾಗೇ ಇದೆ.